ಕಾಗಿಣಾಕ್ಕೆ ಬಿಟ್ಟ ಬೂಟು

ಅತೀಕ ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತದ್ದು ಹಟದಿಂದ. ತಾಯಿ ಜೈತುನ್‌ಬೀ ಹತ್ತಿರ ಬಂದರೆ "ನಾ ಏನ್ ತೊಟ್ಟಿಲ ಕೂಸಾ?" ಎಂದು ಮೈ ಹಿಂದಕ್ಕೆಳೆದುಕೊಳ್ಳುತ್ತಿದ್ದ. ಆಮೇಲೆ ಒಂದೇ ಒಂದು ಗುಂಡಿಗಾಗಿ ಗೋಡೆಗೆ ಮುಖ ಮಾಡಿ, ಹಲ್ಲು ಕಚ್ಚಿ, ಚಹಾ ಆರುವವರೆಗೂ ನಿಂತಿರುತ್ತಿದ್ದ. ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಮಿಕ್ಕ ನಾಲ್ಕು ಬೆರಳು ಮಳೆಗಾಲಕ್ಕೆ ಮುಂಚೆ, ದೂರದ ಸಮುದ್ರದ ದಂಡೆಯಲ್ಲಿ, ಹಡಗು ಕಟ್ಟುವ ಒಂದು ಯಾರ್ಡಿನಲ್ಲಿ, ಕಬ್ಬಿಣದ ತಗಡಿನ ಕೆಳಗೆ ಜಜ್ಜಿಹೋಗಿದ್ದವು.

ದಂಡೋತಿಯ ಹುಡುಗನಿಗೂ ಹಡಗಿಗೂ ಏನು ಸಂಬಂಧ ಎಂದು ಕೇಳುವವರು ಇರಬಹುದು. ಹೊಟ್ಟೆಯ ಸಂಬಂಧ, ಮತ್ತೇನು? ಊರ ಹೊಳೆ ಕಾಗಿಣಾ ಬಿಟ್ಟು ಬೇರೆ ನೀರು ಕಾಣದವನು ಅವನು. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟು ಶಹಾಬಾದಿನಲ್ಲಿ ಫರಸಿಕಲ್ಲಿನ ಪಾಲಿಶ್ ಮಶೀನಿಗೆ ನಿಂತ. ಅಪ್ಪ ಗನಿಸಾಬನೂ ಕಲ್ಲಿನ ಗಣಿಯಲ್ಲೇ ದುಡಿದು, ಧೂಳು ಕುಡಿದು, ಕೆಮ್ಮಿ ಕೆಮ್ಮಿ ಹೋದವನು. ಗಣಿಗಳು ನೀರು ತುಂಬಿಕೊಂಡು ಒಂದೊಂದಾಗಿ ನಿಂತಾಗ ಅತೀಕ ವಾಡಿಗೆ ಹೋಗಿ ಗ್ಯಾಸ್ ಕಟಿಂಗ್ ಕಲಿತ. ಅಕ್ಕ ತಬಸ್ಸುಮಳನ್ನು ಕೊಟ್ಟದ್ದೂ ವಾಡಿಗೇ. ಅವಳ ಗಂಡ ಬಂದೇಅಲಿ ಮುಕಾದಮ. ಸಿಮೆಂಟ್ ಕಾರ್ಖಾನೆಗಳು ದುರಸ್ತಿಗೆ ನಿಂತಾಗ ಸುತ್ತಲಿನ ಹಳ್ಳಿಗಳ ಹುಡುಗರ ಗ್ಯಾಂಗು ಕಟ್ಟಿ ಒಳಗೆ ಕರೆದೊಯ್ಯುವುದು ಅವನ ಕೆಲಸ. ಆ ಕೆಲಸ ಕಮ್ಮಿಯಾದ ವರ್ಷ ಅವನೇ ಯಾರ್ಡಿನ ಸುದ್ದಿ ತಂದಿದ್ದ.

"ಕಬ್ಬಿಣ ಎಲ್ಲಿದ್ರೂ ಕಬ್ಬಿಣನೇ. ಇಲ್ಲಿ ಧೂಳಾ ತಿಂತಿ, ಅಲ್ಲಿ ಮೀನಾರ ತಿಂತಿ," ಎಂದಿದ್ದ ಬಂದೇಅಲಿ. "ಬಾ, ನಾ ಇದ್ದೀನಲ್ಲ."

ಅವನು ಇದ್ದ, ಸುಳ್ಳಲ್ಲ. ತಗಡು ಎತ್ತುವ ಸರಪಳಿಯ ಕೊಂಡಿ ಸವೆದಿದೆ ಎಂದು ಅತೀಕ ಬೆಳಿಗ್ಗೆಯೇ ಸುಪರ್‌ವೈಜರನಿಗೆ ತೋರಿಸಿದ್ದ. "ಇವತ್ತೊಂದು ದಿನ ನಡಸು," ಎಂದಿದ್ದ ಆ ಮನುಷ್ಯ. ನಡೆಯಿತು, ಮಧ್ಯಾಹ್ನದ ಊಟದವರೆಗೆ. ಕೊಂಡಿ ಹರಿದಾಗ ತಗಡಿನ ಅಡಿಯಿಂದ ಅತೀಕನನ್ನು ಎಳೆದವನು ಬಂದೇಅಲಿಯೇ. ಎತ್ತಿಕೊಂಡು ಓಡಿದವನೂ ಅವನೇ. ಸಣ್ಣದೊಂದು ದವಾಖಾನೆಯಲ್ಲಿ ಬೆರಳು ತೆಗೆದು ಪಟ್ಟಿ ಕಟ್ಟಿದರು. ಅಲ್ಲಿನ ಚೀಟಿಗಳೆಲ್ಲ ಸುಪರ್‌ವೈಜರನ ಕಿಸೆ ಸೇರಿದವು. ಮರುದಿನವೇ ಬಂದೇಅಲಿ ಅತೀಕನನ್ನು ವಾಡಿಯ ರೈಲು ಹತ್ತಿಸಿ, ದಾರಿಯುದ್ದಕ್ಕೂ ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದ.

ನಮ್ಮ ಕಡೆಯವರ ಬುದ್ಧಿಯೇ ಹಾಗೆ. ಏನೇ ಆಗಲಿ, ಮೊದಲು ಊರು ಸೇರಬೇಕು. ಕಂಡವರ ಊರಿನ ಮಂಚಕ್ಕಿಂತ ನಮ್ಮ ಮನೆಯ ಫರಸಿ ತಂಪು. ಅಪಘಾತವಾದ ಜಾಗದಲ್ಲಿ ಪೊಲೀಸರಿಗೆ ಹೇಳಬೇಕು, ಬರೆಸಬೇಕು ಎನ್ನುವುದು ಯಾರ ತಲೆಗೂ ಬರುವುದಿಲ್ಲ. ಬಾರದಿರಲಿ ಎಂದೇ ಯಾರ್ಡಿನವರು ಟಿಕೀಟು ತೆಗೆಸಿಕೊಡುತ್ತಾರೆ.

ಅತೀಕನ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವೂ ಬಂದಿತ್ತು. ಅದರಲ್ಲಿ ರಕ್ತ ಒಣಗಿ ಬಿರುಸಾದ, ಕೆಲಸಕ್ಕೆ ತೊಡುವ ನೀಲಿ ಡಾಂಗ್ರಿ, ಬೆನ್ನಿಗೆ ಯಾರ್ಡಿನ ಹೆಸರು. ಮೂತಿಗೆ ಕಬ್ಬಿಣವಿದ್ದ ಯಾರ್ಡಿನ ಬೂಟು. ಡಾಂಗ್ರಿಯ ಎದೆಕಿಸೆಯಲ್ಲಿ ಫೋಟೋ ಇದ್ದ ಗೇಟಿನ ಕಾರ್ಡು. ಜ್ವರದಲ್ಲಿ ಮಲಗಿದ್ದ ಅತೀಕನಿಗೆ ಆ ಚೀಲದ ನೆನಪೇ ಇರಲಿಲ್ಲ. ಜ್ವರ ಬಿಟ್ಟು ಕಣ್ಣು ಬಿಟ್ಟಾಗ ಮನೆಯಲ್ಲಿ ಲೋಬಾನದ ವಾಸನೆ ಇತ್ತು, ಚೀಲ ಇರಲಿಲ್ಲ. ಜೈತುನ್‌ಬೀ ಅವನ್ನೆಲ್ಲ ಮಗನ ತಲೆಯ ಸುತ್ತ ನಿವಾಳಿಸಿ, ಎರಡು ತತ್ತಿ, ನಿಂಬೆಹಣ್ಣು, ಹಿಡಿ ಅಕ್ಕಿ ಸೇರಿಸಿ, ಗಂಟು ಕಟ್ಟಿ, ಹರಿಯುವ ಹೊಳೆಗೆ ಬಿಟ್ಟು ಬಂದಿದ್ದಳು. ಹಾಗೆ ಬಿಟ್ಟವರು ಹಿಂದಿರುಗಿ ನೋಡಬಾರದು. ಅವಳು ನೋಡಿರಲಿಲ್ಲ.

ಓಣಿಯ ಶಿವಕಾಂತಮ್ಮನೂ ಹೌದೆಂದಿದ್ದಳು. "ಚಲೋ ಮಾಡ್ದಿ ಜೈತುನ್. ರಕ್ತ ಕಂಡ ಬಟ್ಟಿ ಮನ್ಯಾಗ ಇರಬಾರ್ದು. ನಮ್ಮವ್ರೂ ಹಂಗೇ ಮಾಡ್ತೀವಿ."

*

ಅಮೃತಪ್ಪ ಬಂದದ್ದು ಪಟ್ಟಿ ಬಿಚ್ಚಿದ ಮೇಲೆ. ಶಹಾಬಾದಿನ ಕಲ್ಲುಗಣಿ ಕೂಲಿಕಾರರ ಸಂಘದ ಮುದುಕ. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಹೋದವನು, ಗನಿಸಾಬನ ಹಳೆಯ ಗೆಳೆಯ. ಹೊಸ್ತಿಲಲ್ಲೇ ಕುಳಿತು ಅತೀಕನ ಕೈ ತನ್ನ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ನಂದು ಒಂದು ಕಣ್ಣು, ನಿಂದು ಒಂದು ಬೆರಳು. ಇಬ್ರೂ ಸೇರಿದ್ರ ಪೂರಾ ಒಬ್ಬ ಮನಷ್ಯಾನೂ ಆಗಂಗಿಲ್ಲ ನೋಡು," ಎಂದ.

ಅತೀಕನಿಗೆ ನಗು ಬರಲಿಲ್ಲ. "ದುಲ್ಹೇಭಾಯಿ ಹೇಳ್ಯಾರ, ಯಾರ್ಡಿನವ್ರು ಏನಾರ ಖರ್ಚಿಗಿ ಕೊಡ್ತಾರಂತ. ಬಾಯಿ ಮುಚ್ಕೊಂಡಿರು ಅಂದಾರ."

"ಬಂದೇಅಲಿ ಹೇಳ್ದನಾ? ಅವ್ರು ಕೊಟ್ಟಿದ್ದು ತೊಗೊಳಾಕ ನೀ ಏನ್ ದರ್ಗಾದ ಬಾಗಲಾಗ ಕುಂತೀಯಾ?" ಅಮೃತಪ್ಪ ಕೈ ಬಿಟ್ಟ. "ಕೇಳು. ಕೆಲಸದ ಮ್ಯಾಲೆ ಕೈ ಹೋದ್ರ ಪರಿಹಾರ ಕೊಡಬೇಕಂತ ಕಾಯ್ದೆ ಅದ. ನನ್ನ ಅಪ್ಪ ಹುಟ್ಟೋಕಿಂತ ಮೊದಲಿಂದು ಅದು. ನಡುವ ಮುಕಾದಮ ಇದ್ದಾನ, ಗುತ್ತೇದಾರ ಇದ್ದಾನ ಅಂತ ಯಾರ್ಡಿನ ಮಾಲಕ ಕೈ ತೊಳಕೊಳಾಕ ಬರಂಗಿಲ್ಲ. ಕೇಸು ಹಾಕಾಕ ಸಮುದ್ರಕ್ಕ ಹೋಗಬೇಕಂತನೂ ಇಲ್ಲ, ಕಲಬುರಗಿಯಾಗೇ ಹಾಕಬಹುದು. ವಕೀಲರು ಸರಿತಾ ಮೇಡಂ ಇದ್ದಾರ, ಬಡವರ ಕಡಿ ನಿಂದ್ರತಾರ. ಆದ್ರ ಒಂದು ಮಾತು. ನೀ ಅಲ್ಲಿ ಕೆಲಸ ಮಾಡ್ದಿ ಅನ್ನಾಕ ಏನಾರ ತೋರಸಬೇಕಲ್ಲಪ್ಪ. ಪಗಾರ?"

"ದುಲ್ಹೇಭಾಯಿನೇ ನಗದು ಕೊಡ್ತಿದ್ರು."

"ಫೋಟೋ?"

"ಗೇಟಿನ್ಯಾಗ ಮೊಬೈಲ್ ಇಸ್ಕೊಂತಿದ್ರು."

"ಗೇಟಿನ ಕಾರ್ಡು? ಬಟ್ಟಿ, ಬೂಟು?"

ಅತೀಕ ಬಾಗಿಲ ಒಳಗೆ ನೋಡಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಕೈ ನಿಂತಿತ್ತು. ಹಿಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಅವಳು ಕೇಳುತ್ತಿದ್ದಳು.

"ಗಾಡ್ಯಾಗ ಕಳದ್ಹೋದವು," ಎಂದ ಅತೀಕ.

ಅಷ್ಟಕ್ಕೇ ನಿಂತಿದ್ದರೆ ಅವನು ದೊಡ್ಡ ಮನುಷ್ಯನಾಗುತ್ತಿದ್ದ. ಆದರೆ ಸಿಟ್ಟು ಹಸಿದ ನಾಯಿಯ ಹಾಗೆ, ಹೊರಗೆ ಸಿಗದಿದ್ದರೆ ಮನೆಗೇ ಬಂದು ಕಚ್ಚುತ್ತದೆ. ಗ್ಯಾಂಗಿನ ಹುಡುಗರಿಗೆ ಫೋನು ಮಾಡಿದ. ಆಡಕಿಯ ಭಾಗಣ್ಣ, ಯಾರ್ಡಿನಲ್ಲಿ ಅವನ ಜೊತೆ ಒಂದೇ ಚಾಪೆಯ ಮೇಲೆ ಮಲಗಿದವನು, "ನನಗ ಕೇಳಬ್ಯಾಡೋ, ನಾ ಇನ್ನಾ ಅಲ್ಲೇ ದುಡೀಬೇಕು," ಎಂದು ಫೋನು ಇಟ್ಟ. ಮಿಕ್ಕವರು ಎತ್ತಲೇ ಇಲ್ಲ. ಯಾರ್ಡಿಗೆ ನೋಟೀಸು ಹೋಯಿತು. ಬಂದ ಉತ್ತರವನ್ನು ಸರಿತಾ ಮೇಡಂ ಓದಿ ಹೇಳಿದರು: ಅತೀಕ ಎನ್ನುವವನು ನಮ್ಮಲ್ಲಿ ಎಂದೂ ಕೆಲಸಕ್ಕಿರಲಿಲ್ಲ.

ಅಂದು ಮನೆಗೆ ಬಂದವನ ಮುಂದೆ ಜೈತುನ್‌ಬೀ ತಾಟು ಇಟ್ಟಳು. ಅವನು ಎಡಗೈಯಲ್ಲಿ ರೊಟ್ಟಿ ಮುರಿಯಲು ಹೋದ. ಜೋಳದ ರೊಟ್ಟಿ, ಒಂದೇ ಕೈಗೆ ಬಗ್ಗದೆ ಜಾರಿತು. ಅವಳು ಸುಮ್ಮನೆ ಕೈ ಚಾಚಿ ತುಂಡು ಮಾಡಿಕೊಟ್ಟಳು.

"ಮುಟ್ಟಬ್ಯಾಡ," ಎಂದ ಅತೀಕ. "ಮಗ ಮಲಗಿದಾಗ ಅವನ ಕೈ ಒಯ್ದು ಹೊಳ್ಯಾಗ ಬಿಟ್ಟು ಬಂದಾಕಿ ನೀ. ತಗಡು ನಾಕೇ ಬೆರಳು ತಿಂತು. ಉಳಿದಿದ್ದೆಲ್ಲ ನೀನೇ ತಿಂದಿ."

ಜೈತುನ್‌ಬೀಯ ತುಟಿ ಅಲುಗಿತು. ಏನೋ ಹೇಳುವವಳ ಹಾಗೆ ಮುಖ ಎತ್ತಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಮುರಿದ ರೊಟ್ಟಿಯ ಮೇಲೆ ಬುಟ್ಟಿ ಮುಚ್ಚಿ ಒಳಗೆ ಹೋದಳು.

ಮರುದಿನದಿಂದ ಅವಳು ಹೊಳೆಗೆ ಹೋಗತೊಡಗಿದಳು. ಮಳೆ ನಿಂತು ನೀರು ಇಳಿದಿತ್ತು. ಸೀರೆ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ, ಕಾಲಿನಿಂದ ಕೆಸರು ತಡವುತ್ತ ಹೋಗುವಳು. ಎಮ್ಮೆ ಮೈ ತೊಳೆಯುವವರು, "ಏನ್ ಹುಡಕಾಕತ್ತಿ ಬೇ ಮುದುಕಿ? ಬಂಗಾರ ಬಿದ್ದದೇನು?" ಎಂದು ನಗುವರು. ಅವಳು "ಹೂಂ" ಎನ್ನುವಳು. ಶಿವಕಾಂತಮ್ಮ ಬಂದು ಅತೀಕನಿಗೆ ಹೇಳಿದಳು, "ನಿಮ್ಮವ್ವಗ ಹೋಗಿ ಕರ್ಕೊಂಬಾರೋ. ಮುಂಗಾರಿ ನೀರು ಒಯ್ದಿದ್ದು ಭೀಮಾ ಹೊಳೀಗಿ ಮುಟ್ಟಿ ಎಷ್ಟು ದಿನಾ ಆಯ್ತು." ಅತೀಕ ದಂಡೆಯವರೆಗೆ ಹೋದ. ತಾಯಿ ನೀರಿನಿಂದ ಒಂದು ಹಳೆಯ ಚಪ್ಪಲಿ ಎತ್ತಿ, ತಿರುಗಿಸಿ ನೋಡಿ, ಮತ್ತೆ ನೀರಿಗೆ ಬಿಡುವುದು ಕಾಣಿಸಿತು. ಅವನು ಕರೆಯಲಿಲ್ಲ. ಮನೆಗೆ ಮರಳಿ ಬಂದು ಗೋಡೆಗೆ ಮುಖ ಮಾಡಿ ಕುಳಿತ.

*

ಕಲಬುರಗಿಯ ಕೋರ್ಟಿನಲ್ಲಿ ವಿಚಾರಣೆಯ ದಿನ ಬಂದೇಅಲಿಯೂ ಬಂದಿದ್ದ. ಅತೀಕನ ಕಡೆಯಿಂದಲ್ಲ. ಯಾರ್ಡಿನ ವಕೀಲರ ಕಾರಿನಿಂದ ಇಳಿದ. ಹೊಸ ಅಂಗಿ ಹಾಕಿದ್ದ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಜೈತುನ್‌ಬೀಯನ್ನು ಕಂಡು ಅಭ್ಯಾಸದಂತೆ ಕೈ ಹಣೆಗೆ ಹೋಯಿತು, ಅರ್ಧಕ್ಕೇ ಇಳಿಯಿತು.

"ತಬಸ್ಸುಮ್ ಆರಾಮ ಇದ್ದಾಳ?" ಎಂದು ಕೇಳಿದಳು ಮುದುಕಿ.

"ಇದ್ದಾಳ ಅಮ್ಮಾ."

"ಮಕ್ಕಳು?"

"ಅವೂ."

ಅತೀಕ ನಡುವೆ ಬಂದ. "ಯಾರ ಕಡಿ ಸಾಕ್ಷಿ ಹೇಳಾಕ ಬಂದೀರಿ ದುಲ್ಹೇಭಾಯಿ? ನನ್ನ ರಕ್ತ ನಿಮ್ಮ ಪ್ಯಾಂಟಿಗಿ ಹತ್ತಿತ್ತು. ಒಗದಾಗ ಹೋಯ್ತೇನು?"

ಅಮೃತಪ್ಪ ಅವನ ತೋಳು ಹಿಡಿದು ಗಿಡದ ನೆರಳಿಗೆ ಎಳೆದ. "ಬಡವನ ಸಿಟ್ಟು ದವಡಿಗಿ ಮೂಲ. ನಿನಗ ಉಳಿದಿದ್ದೇ ದವಡಿ, ಅದನ್ನಾರ ಕಾಯಕೋ. ಅವನ ಹಿಂದ ಇಪ್ಪತ್ತು ಹುಡುಗರ ಅನ್ನ ನಿಂತದ. ಯಾರ್ಡಿನವ್ರು ಆ ಹಗ್ಗಾನೇ ಹಿಡದು ಅವಗ ಎಳ್ಯಾಕತ್ತಾರ."

"ನನ್ನ ಅನ್ನ?"

ಅಮೃತಪ್ಪ ಅವನ ತೋಳು ಬಿಟ್ಟು ಬಾಗಿಲ ಕಡೆ ನಡೆದ.

ಒಳಗೆ ಮೊದಲು ಅತೀಕನನ್ನು ಕೇಳಿದರು. ಅವನು ಸರಪಳಿಯ ಕೊಂಡಿಯಿಂದ ಹಿಡಿದು ವಾಡಿ ಸ್ಟೇಷನ್ನಿನವರೆಗೆ ಎಲ್ಲ ಹೇಳಿದ. ಯಾರ್ಡಿನ ವಕೀಲರು ಅದಕ್ಕೆಲ್ಲ ಒಂದೇ ಮಾತು ಹಚ್ಚಿದರು: ಪುರಾವೆ? ಬಟ್ಟೆ ಹೊಳೆಗೆ ಬಿಟ್ಟ ಸಂಗತಿಯನ್ನು ಈಗ ಹೇಳಲೇಬೇಕಾಯಿತು. ಆಮೇಲೆ ಜೈತುನ್‌ಬೀ ನಿಂತಳು. ಬುರ್ಖಾದ ಮುಸುಕು ಹಿಂದೆ ಸರಿಸಿ, ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಹರಿಯುವ ನೀರಿನಲ್ಲಿ ನಿಂತವಳ ಹಾಗೆ.

"ಬಟ್ಟೆ, ಬೂಟು, ಕಾರ್ಡು ಇದ್ದವು. ನೀವೇ ಹೊಳೆಗೆ ಹಾಕಿದಿರಿ. ಹೌದೇ?" ವಕೀಲರ ದನಿ ಮೆತ್ತಗಿತ್ತು.

"ಹೌದ್ರಿ."

"ಮಗನ ಕೈ ಹೋಗಿದೆ, ಮನೆಯಲ್ಲಿ ಇದ್ದ ಒಂದೇ ಪುರಾವೆಯನ್ನು ತಾಯಿ ನೀರಿಗೆ ಎಸೆದಳಂತೆ. ನಂಬುವ ಮಾತೇನಮ್ಮ? ಅಂಥ ಬಟ್ಟೆ ಇರಲೇ ಇಲ್ಲ ಅನ್ನಿ."

"ಇದ್ದವ್ರಿ. ಬೂಟು ಭಾಳ ಭಾರ ಇದ್ದವು. ಗಂಟು ಒಯ್ಯೂದ್ರಾಗ ನನ್ನ ರಟ್ಟಿ ನೊಂದಿತ್ತು."

"ಹೊಳೆಗೆ ಹಾಕು ಅಂತ ನಿಮಗೆ ಯಾರು ಹೇಳಿದರು?"

ಜೈತುನ್‌ಬೀಯ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲ ಪಕ್ಕದ ಬೆಂಚಿನಲ್ಲಿ ಬಂದೇಅಲಿ ಕುಳಿತಿದ್ದ. ಆಮೇಲೆ ಅವಳು ನ್ಯಾಯಾಧೀಶ ಸಾಹೇಬರ ಕಡೆ ತಿರುಗಿದಳು.

"ಯಾರೂ ಹೇಳಿಲ್ರಿ. ನನ್ನ ಹುಚ್ಚ ಬುದ್ಧಿ. ತಪ್ಪು ನಂದು, ನನ್ನ ಮಗನ ಮ್ಯಾಲೆ ಹಾಕಬ್ಯಾಡ್ರಿ."

ಯಾರ್ಡಿನ ವಕೀಲರು ನಕ್ಕು ಕುಳಿತರು. ಅತೀಕ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಇಡೀ ಕೋಣೆಯ ಮುಂದೆ ಅವನ ಸಿಟ್ಟಿನ ಮಾತನ್ನೇ ತಾಯಿ ಒಪ್ಪಿಕೊಂಡು ಬಂದಿದ್ದಳು. ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಬಂದೇಅಲಿಯನ್ನು ಕರೆದರು. ದಾರಿಯುದ್ದಕ್ಕೂ ಕಾರಿನಲ್ಲಿ ವಕೀಲರು ಕಲಿಸಿದ್ದನ್ನು ಅವನು ಸಾಲಿಯ ಹುಡುಗನಂತೆ ಒಪ್ಪಿಸತೊಡಗಿದ. "ಅತೀಕ ನನ್ನ ಹೆಂಡ್ತಿ ತಮ್ಮ. ನಾ ಯಾರ್ಡಿನ್ಯಾಗ ಇದ್ದಾಗ ನನ್ನ ನೋಡಾಕ ಬಂದಿದ್ದ. ಬೀಗರ ಹಂಗ ಬಂದಿದ್ದ. ಕೆಲಸಕ್ಕ ಅಲ್ಲ."

"ಕೈಗೆ ಏನಾಯಿತು?" ಎಂದರು ಯಾರ್ಡಿನ ವಕೀಲರು.

"ಅದು... ಹೊರಗ ಎಲ್ಲೋ."

"ಈ ತಾಯಿ ಹೇಳಿದ್ದು ಕೇಳಿದಿರಲ್ಲ. ನಿಜವೇ?"

ಬಂದೇಅಲಿ ಕತ್ತೆತ್ತಿ ನೋಡಿದ. ಫ್ಯಾನು ಕಿರುಗುಟ್ಟುತ್ತಿತ್ತು. ಎದುರಿನ ಬೆಂಚಿನಲ್ಲಿ ಜೈತುನ್‌ಬೀ ತಲೆ ತಗ್ಗಿಸಿ ಬುರ್ಖಾದ ಅಂಚಿನ ಎಳೆ ಕೀಳುತ್ತಿದ್ದಳು. ಅವನ ಕಡೆ ನೋಡುತ್ತಲೇ ಇರಲಿಲ್ಲ.

"ಇಲ್ರಿ," ಎಂದ ಕೊನೆಗೆ. "ಅಮ್ಮ ಇಲ್ಲಿ ಸುಳ್ಳ ಹೇಳ್ಯಾಳ."

ವಕೀಲರು ಸಾಹೇಬರತ್ತ ನೋಡಿ ತಲೆಯಾಡಿಸಿದರು. "ಏನು ಸುಳ್ಳು? ಹೇಳಿ."

"ಯಾರೂ ಹೇಳಿಲ್ಲ ಅಂದಾಳಲ್ರಿ, ಅದು ಸುಳ್ಳ. ಹೊಳೀಗಿ ಬಿಡ್ರಿ ಅಂತ ಹೇಳ್ದಾಂವ ನಾನು." ಅವನು ಸಾಹೇಬರ ಕಡೆ ತಿರುಗಿದ. "ಯಾರ್ಡಿನ ಸಾಮಾನು ಒಂದೂ ಆ ಮನ್ಯಾಗ ಉಳೀಬಾರ್ದು ಅಂತ ಸುಪರ್‌ವೈಜರನ ಫೋನ್ ಬಂದಿತ್ತು. ಅಮ್ಮಗ ಹಂಗ ಹೇಳಿದ್ರ ಕೊಡಂಗಿಲ್ಲ. ಅದಕ್ಕ, ಅಮ್ಮಾ ಈ ಬಟ್ಟಿ ಮನ್ಯಾಗ ಇದ್ರ ಪೀಡಾ ಹೋಗಂಗಿಲ್ಲ, ಹುಡುಗ ಉಳಿಯಂಗಿಲ್ಲ, ಅಂದೆ. ಅಕಿ ನಂಬಿದ್ಳು. ಅತೀಕ ನನ್ನ ಗ್ಯಾಂಗಿನ್ಯಾಗೇ ದುಡದಾನ ಸಾಹೇಬ್ರ. ತಗಡಿನ ತೆಳಗಿಂದ ಎಳದಾಂವ ನಾನೇ. ಕೊಂಡಿ ಸವದದ ಅಂತ ಮುಂಜಾನೆ ಅಂವ ಹೇಳಿದ್ದನ್ನೂ ನಾ ಕೇಳೀನಿ."

ಯಾರ್ಡಿನ ವಕೀಲರು ಎದ್ದು ಏನೇನೋ ಹೇಳಿದರು. ಸಾಹೇಬರು ಕೈ ಎತ್ತಿ ಅವರನ್ನು ಕೂರಿಸಿ, "ಬರೆದುಕೊಳ್ಳಿ," ಎಂದರು. ಟೈಪಿನ ಸದ್ದು ಶುರುವಾಯಿತು.

ಅತೀಕ ಅದೊಂದನ್ನೂ ಕೇಳಲಿಲ್ಲ. ಅಂದು ರೊಟ್ಟಿಯ ತಾಟಿನ ಮುಂದೆ ತಾಯಿಯ ತುಟಿ ಅಲುಗಿದ್ದು ಅವನ ಕಣ್ಣ ಮುಂದಿತ್ತು. ಹೇಳುವವಳಿದ್ದಳು. ಹೇಳಿದ್ದರೆ ಅವನು ಅಂದೇ ವಾಡಿಗೆ ಹೋಗಿ ಬಂದೇಅಲಿಯ ಕೊರಳಪಟ್ಟಿ ಹಿಡಿಯುತ್ತಿದ್ದ, ತಬಸ್ಸುಮ್ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಕೂರುತ್ತಿದ್ದಳು. ಅದನ್ನು ತಡೆಯಲು ಅವಳು ಮಗನ ಮಾತನ್ನು ನುಂಗಿ ಹೊಳೆಗೆ ಇಳಿದಿದ್ದಳು. ಇಲ್ಲದ ಬೂಟನ್ನು ಕೆಸರಿನಲ್ಲಿ ತಡವುತ್ತಿದ್ದಳು.

*

ಬಂದೇಅಲಿ ಹೊರಗೆ ಬಂದ. ಕಾರು ಅವನನ್ನು ಬಿಟ್ಟು ಹೋಗಿತ್ತು. ಅತೀಕ ಹತ್ತಿರ ಹೋಗಿ ನಿಂತ.

"ಬಸ್ಸಿಗಿ ಹೋಗ್ತೀನಿ," ಎಂದ ಬಂದೇಅಲಿ.

"ನಮ್ಮ ಜೋಡಿ ಗಾಡಿಗಿ ಬರ್ರಿ."

"ಬ್ಯಾಡಪ್ಪ." ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಿಸಿಲಿಗೆ ಇಳಿದು ಹೋದ.

ರೈಲಿನಲ್ಲಿ ಕಿಟಕಿಯ ಪಕ್ಕ ಜೈತುನ್‌ಬೀ, ಎದುರಿಗೆ ಅಮೃತಪ್ಪ. ಮುದುಕ ಶಹಾಬಾದ್ ಬರುವವರೆಗೂ ಹೇಳುತ್ತಲೇ ಇದ್ದ. ಇವತ್ತಿನ ಮಾತು ಗಟ್ಟಿ, ಹುಕುಂ ನಮ್ಮ ಕಡೆಯೇ ಆಗುತ್ತದೆ, ಅವರು ಮೇಲಿನ ಕೋರ್ಟಿಗೆ ಹೋದರೂ ನಾವು ಬಿಡುವವರಲ್ಲ. ಇಳಿಯುವಾಗ ಅತೀಕನ ತಲೆ ಮೇಲೆ ಕೈ ಇಟ್ಟ. "ಗೆದ್ದಾಂವ ಹಿಂಗ ಮಾರಿ ಮಾಡ್ಕೊಂಡು ಕುಂದ್ರತಾನೇನೋ," ಎಂದ. ಅವನ ಮುಖವೂ ಗೆದ್ದವನ ಹಾಗೆ ಇರಲಿಲ್ಲ.

ಗಾಡಿ ಮತ್ತೆ ಹೊರಟಿತು. ಆ ಹಾದಿಯಲ್ಲಿ ಕಾಗಿಣಾದ ಸೇತುವೆ ಬರುತ್ತದೆ. ಬಂದರೆ ಜನ ಕಿಟಕಿಯಿಂದ ನೀರಿಗೆ ಒಂದು ನಾಣ್ಯ ಎಸೆದು ಕೈ ಮುಗಿಯುತ್ತಾರೆ, ಹಿಂದೂ ಮುಸಲ್ಮಾನ ಎನ್ನದೆ. ಜೈತುನ್‌ಬೀ ಎಂದೂ ತಪ್ಪಿಸಿದವಳಲ್ಲ. ಗನಿಸಾಬ ಗಣಿಗೆ ಹೋಗುವಾಗ ಎಸೆದಿದ್ದಳು, ಅತೀಕ ಸಮುದ್ರಕ್ಕೆ ಹೊರಟಾಗ ಅವನನ್ನು ವಾಡಿಯಲ್ಲಿ ರೈಲು ಹತ್ತಿಸಿ, ಅಲ್ಲಿಂದ ಶಹಾಬಾದಿನ ತನ್ನ ತಂಗಿಯ ಮನೆಗೆ ಹೋಗುವಾಗ ಇದೇ ಸೇತುವೆಯ ಮೇಲಿನಿಂದ ಎಸೆದಿದ್ದಳು. ಕಬ್ಬಿಣದ ಸೇತುವೆಯ ಸದ್ದು ಏಳುತ್ತಲೇ ಪಕ್ಕದ ಹೆಂಗಸರು ಸೊಂಟದ ಚೀಲ ತಡವಿದರು. ಕೆಳಗೆ ನೀರು ತೆಳ್ಳಗೆ, ಬಂಡೆಗಳ ನಡುವೆ, ಏನೂ ಅರಿಯದ ಹಾಗೆ ಹರಿಯುತ್ತಿತ್ತು.

ಜೈತುನ್‌ಬೀ ಮಡಿಲಿನಲ್ಲಿ ಕೈ ಇಟ್ಟುಕೊಂಡು ನೋಡುತ್ತ ಕುಳಿತಿದ್ದಳು.

"ಅಮ್ಮಾ, ರೊಕ್ಕಾ ಕೊಡ್ಲಾ?" ಎಂದ ಅತೀಕ. ಅವನಿಗೆ ಬೇರೆ ಏನೋ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಷ್ಟೇ.

"ಬ್ಯಾಡ," ಎಂದಳು. "ಇನ್ನ ಇದಕ್ಕ ನಾ ಏನೂ ಕೊಡಂಗಿಲ್ಲ."

ಸೇತುವೆ ದಾಟಿತು. ಅತೀಕನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಎಡಗೈಯಿಂದ ಬಲಗಡೆಯ ಕಿಸೆ ತಡವಿ ತೆಗೆಯುವುದಕ್ಕೆ ಹೊತ್ತು ಹಿಡಿಯಿತು. ತಬಸ್ಸುಮಳ ಹೆಸರು. ಯಾರ್ಡಿನಿಂದ ವಾಡಿಗೆ ಸುದ್ದಿ ಮುಟ್ಟಿರಬೇಕು, ಬಂದೇಅಲಿಯ ಬಸ್ಸಿಗಿಂತ ಮೊದಲೇ. ಗ್ಯಾಂಗಿನ ಹುಡುಗರು ಕೆಲಸ ಕಳೆದುಕೊಂಡು ಯಾರ್ಡಿನ ಗೇಟಿನ ಹೊರಗೆ ನಿಂತಿರಬೇಕು, ಗಂಟು ಚಾಪೆ ಹಿಡಿದುಕೊಂಡು. ಅವರಲ್ಲಿ ಭಾಗಣ್ಣನೂ. ಫೋನು ಅವನ ಅಂಗೈಯಲ್ಲಿ ನಡುಗುತ್ತಲೇ ಇತ್ತು.

ಅವನು ತಾಯಿಯ ಮುಖ ನೋಡಿದ. ಅವಳು ಫೋನು ಇಸಿದುಕೊಳ್ಳಲಿಲ್ಲ. ಉಳಿದ ಹೆಬ್ಬೆರಳಿನ ಅವನ ಬಲಗೈಯನ್ನು ಎಳೆದು ತನ್ನ ಮಡಿಲಿನಲ್ಲಿ ಇಟ್ಟುಕೊಂಡಳು. ಈ ಸಲ ಅವನು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಎತ್ತು," ಎಂದಳು. "ಅಕ್ಕ ಇದ್ದಾಳ. ಏನ್ ಅಂತಾಳ ಅನ್ನಲಿ. ಕೇಳು."